ಎರಡು ಬಾಟಲಿ ಮಸ್ಕಡೆ, ಒಂದು ಪಾತ್ರೆ ಗಂಜಿ

ಸೌತ್‌ಲೇಕ್, ಶುಕ್ರವಾರ

ಆಗಸ್ಟ್ ತಿಂಗಳು, ವರಮಹಾಲಕ್ಷ್ಮಿ ಹಬ್ಬದ ದಿನ, ಬೆಳಿಗ್ಗೆ ಐದೂವರೆ ಗಂಟೆ. ಸ್ಥಳ, ಡಲ್ಲಾಸ್ ವಿಮಾನ ನಿಲ್ದಾಣಕ್ಕೆ ಹತ್ತಿರದ ಸೌತ್‌ಲೇಕ್ ಎಂಬ ಊರಿನ ಒಂದು ಮನೆಯ ಗ್ಯಾರೇಜು. ಹಾಜರಿದ್ದವರು ನಾನು, ಮನೆಯೊಡತಿ ವೀಣಾ, ಒಂದು ಹಳೆಯ ಫ್ರಿಜ್ಜು, ಅದರೊಳಗೆ ಎರಡು ಬಾಟಲಿ ಫ್ರೆಂಚ್ ವೈನು.

ಬಾಟಲಿಯ ಹೊಟ್ಟೆಗೆ ಕೈಯ ಹಿಂಬದಿ ಇಟ್ಟು ನೋಡಿದೆ. ಸೇನೆಯ ಆಸ್ಪತ್ರೆಗಳಲ್ಲಿ ನರ್ಸಾಗಿ, ಕೊನೆಗೆ ಮೇಜರ್ ದರ್ಜೆಯ ಮೇಟ್ರನ್ ಆಗಿ, ಸಾವಿರಾರು ಹಣೆ ಮುಟ್ಟಿದ ಕೈ ಇದು. ಬಾಟಲಿಗೆ ಜ್ವರ ಬಂದಿತ್ತು.

“ಫ್ರಿಜ್ ಆಫ್ ಆಗಿದೆ,” ಎಂದೆ.

“ಇಲ್ಲ ಆಂಟಿ, ಅದು ಯಾವಾಗ್ಲೂ ಆನೇ ಇರುತ್ತೆ.”

“ಪ್ಲಗ್ ನೋಡಮ್ಮ.”

ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಗೋಡೆಯಲ್ಲಿ ಅದರ ಜಾಗದಲ್ಲಿ ಗ್ರೈಂಡರಿನ ಪ್ಲಗ್ ಇತ್ತು.

ನಡೆದದ್ದು ಇಷ್ಟು. ಇಲ್ಲಿಯ ನಮ್ಮವರ ಮನೆಗಳಲ್ಲಿ ಎರಡು ಫ್ರಿಜ್ ಇರುತ್ತವೆ. ಅಡುಗೆಮನೆಯದ್ದು ಹಾಲು, ಮೊಸರು, ದೇವರ ಹೂವಿಗೆ. ಗ್ಯಾರೇಜಿನದ್ದು ಮೊಟ್ಟೆ, ಕೋಳಿ, ಬಿಯರಿಗೆ. ಅದರ ವಿಷಯ ಅತ್ತೆ ಮಾವ ಬಂದಾಗ ಯಾರೂ ಎತ್ತುವುದಿಲ್ಲ. ಗುರುವಾರ ಸಂಜೆ ನಾನು ಬಾಟಲಿಗಳನ್ನು ಅಡುಗೆಮನೆಯ ಫ್ರಿಜ್ಜಿನಲ್ಲಿ ಅಡ್ಡವಾಗಿ ಮಲಗಿಸಿ ಮಲಗಿದೆ. ನಾಳೆ ಹಬ್ಬ, ಕಳಶದ ತೆಂಗಿನಕಾಯಿಯ ಪಕ್ಕ ವೈನ್ ಇರಬಾರದೆಂದು ವೀಣಾ ಅವುಗಳನ್ನು ಗ್ಯಾರೇಜಿಗೆ ಸಾಗಿಸಿದಳು. ಆಮೇಲೆ ಅವಳ ಗಂಡ ಪ್ರಸಾದ ವಡೆಗೆ ಉದ್ದು ರುಬ್ಬಲು ಅಲ್ಲಿಗೆ ಹೋದ. ಗ್ರೈಂಡರಿನ ಸದ್ದು ಮನೆಯೊಳಗೆ ಬೇಡವೆಂದು ಅದೂ ಗ್ಯಾರೇಜಿನಲ್ಲೇ ಇದೆ. ಫ್ರಿಜ್ ಕಿತ್ತ, ಗ್ರೈಂಡರ್ ಸಿಕ್ಕಿಸಿದ, ರುಬ್ಬಿದ, ಹಿಟ್ಟು ಎತ್ತಿಕೊಂಡು ಹೋದ.

“ಗ್ಯಾರೇಜಲ್ಲಿ ರುಬ್ಬಿ ಅಂದವಳು ನೀನೇ ತಾನೆ?” ಎಂದ ಪ್ರಸಾದ, ಹಲ್ಲುಜ್ಜುತ್ತಲೇ ಬಂದು.

“ರುಬ್ಬಿ ಅಂದೆ. ಫ್ರಿಜ್ ಕಿತ್ತುಹಾಕಿ ಅಂದ್ನಾ? ನೋಡಿ, ಮೊಟ್ಟೆ ಎಲ್ಲಾ ಬಿಸಿ ಆಗಿದೆ. ಹಬ್ಬದ ದಿನ ನಾನು ಅದನ್ನ ಮುಟ್ಟೋ ಹಾಗೂ ಇಲ್ಲ.”

“ವಡೆ ಮಾತ್ರ ಚೆನ್ನಾಗಿ ಬರುತ್ತೆ ಬಿಡು.”

ಟೆಕ್ಸಾಸಿನ ಆಗಸ್ಟ್ ತಿಂಗಳಲ್ಲಿ ಮುಚ್ಚಿದ ಗ್ಯಾರೇಜೆಂದರೆ ಇಡ್ಲಿ ಪಾತ್ರೆ. ಅದರಲ್ಲಿ ಆ ವೈನು ಇಡೀ ರಾತ್ರಿ ಬೆಂದಿತ್ತು.

ನಾನು ಕುಡಿಯುವವಳಲ್ಲ. ಈ ಬಾಟಲಿಗಳು ನನ್ನ ತಂಗಿಯ ಮಗಳು ಶ್ರಾವ್ಯಳವು. ಅವಳು ಹ್ಯೂಸ್ಟನ್ನಿನ ಒಂದು ರೆಸ್ಟೋರೆಂಟಿನಲ್ಲಿ ಅಡುಗೆಯವಳು. ಒಡತಿ ಡೆನೀಸ್ ಅವಳಿಗೊಂದು ಅವಕಾಶ ಕೊಟ್ಟಿದ್ದರು. ರೆಸ್ಟೋರೆಂಟಿಗೆ ರಜೆಯಿರುವ ಭಾನುವಾರ ಶ್ರಾವ್ಯ ತನ್ನ ಊರಿನ ಅಡುಗೆ ಮಾಡಿ ಬಡಿಸಬೇಕು, ಅದಕ್ಕೆ ಹೊಂದುವ ಒಂದೇ ಒಂದು ವೈನನ್ನು ತಾನೇ ಆರಿಸಿ ತರಬೇಕು. ಊಟವೂ ವೈನೂ ಹೊಂದಿದರೆ ಪ್ರತಿ ಸೋಮವಾರದ ಸಂಜೆ ಅಡುಗೆಮನೆ ಅವಳದು. ಹೊಂದದಿದ್ದರೆ ಮತ್ತೆ ಈರುಳ್ಳಿ ಹೆಚ್ಚುವ ಕೆಲಸ. ಐದು ವರ್ಷದಿಂದ ಅದನ್ನೇ ಮಾಡುತ್ತಿದ್ದಾಳೆ.

ಅವಳು ಆರಿಸಿದ್ದು ಮಸ್ಕಡೆ. ಫ್ರಾನ್ಸಿನ ಪಶ್ಚಿಮದಲ್ಲಿ, ಲ್ವಾರ್ ನದಿ ಸಮುದ್ರ ಸೇರುವ ಕಡೆ ಮಾಡುವ ಬಿಳಿ ವೈನು. ಸಿಹಿ ಎಂಬುದು ಹೆಸರಿಗೂ ಇಲ್ಲ. ಹುದುಗಿದ ರಸವನ್ನು ಚಳಿಗಾಲವಿಡೀ ತಳದ ಚರಟದ ಮೇಲೆಯೇ ಬಿಡುತ್ತಾರಂತೆ, ಅದರಿಂದ ರುಚಿಗೆ ಸ್ವಲ್ಪ ಮೈ ತುಂಬುತ್ತದಂತೆ. ಅಲ್ಲಿಯ ಜನ ಇದನ್ನು ಹಸಿ ಸಿಂಪಿ, ಕಪ್ಪೆಚಿಪ್ಪು, ಸುಟ್ಟ ಮೀನಿನ ಜೊತೆ ಕುಡಿಯುತ್ತಾರಂತೆ. “ನದಿ ಸಮುದ್ರ ಸೇರುವ ಜಾಗ ದೊಡ್ಡಮ್ಮ, ನಮ್ಮ ಮುಲ್ಕಿಯ ಹಾಗೇ. ಬೇರೆ ವೈನ್ ಯಾಕೆ?” ಎಂದು ಶ್ರಾವ್ಯ ಫೋನಿನಲ್ಲಿ ವಾದಿಸಿದ್ದಳು. ಅವಳಿಗೆ ಬೇಕಾದ ಮಸ್ಕಡೆ ಸಿಕ್ಕಿದ್ದು ಡಲ್ಲಾಸಿನ ಒಂದೇ ಅಂಗಡಿಯಲ್ಲಿ. ಅಲ್ಲಿ ಉಳಿದಿದ್ದವು ಎರಡೇ. ಬೇಸಿಗೆಯ ಬಿಸಿಗೆ ಕೆಡುತ್ತದೆಂದು ಅಂಗಡಿಯವರು ಕೊರಿಯರಿನಲ್ಲಿ ಕಳಿಸಲು ಒಪ್ಪಲಿಲ್ಲ. ಊರಿನಿಂದ ಬಂದ ನನ್ನನ್ನು ನೇರ ಹ್ಯೂಸ್ಟನ್ನಿನಲ್ಲಿ ಇಳಿಸಿಕೊಳ್ಳದೆ ಡಲ್ಲಾಸಿನಲ್ಲಿ, ತನ್ನ ಗೆಳತಿ ವೀಣಾಳ ಮನೆಯಲ್ಲಿ, ಇಳಿಸಿದ್ದು ಏಕೆಂದು ನನಗೆ ಆ ಅಂಗಡಿಯ ಬಾಗಿಲಲ್ಲಿ ನಿಂತಾಗ ಅರ್ಥವಾಯಿತು. ಅಂಗಡಿಯ ಹುಡುಗಿ ನನ್ನ ಬಿಳಿ ತಲೆಯನ್ನು ನೋಡಿಯೂ ವಯಸ್ಸಿನ ಪುರಾವೆ ಕೇಳಿದಳು. ಪಾಸ್‌ಪೋರ್ಟ್ ತೋರಿಸಿದೆ. ನಿಯಮ ಪಾಲಿಸಿದ ಒಬ್ಬಳಾದರೂ ಸಿಕ್ಕಿದಳೆಂದು ಸಮಾಧಾನವಾಯಿತು. ಆ ಸಮಾಧಾನ ಒಂದು ರಾತ್ರಿ ಬಾಳಿತು.

ವರದಿ ತಡ ಮಾಡುವುದು ನನ್ನ ಪದ್ಧತಿಯಲ್ಲ. ಗ್ಯಾರೇಜಿನಿಂದಲೇ ಶ್ರಾವ್ಯಳಿಗೆ ಫೋನ್ ಮಾಡಿದೆ.

“ಕಾರ್ಕ್ ಮೇಲೆ ಎದ್ದಿದೆಯಾ ದೊಡ್ಡಮ್ಮ?”

“ಇಲ್ಲ. ಸೋರಿಯೂ ಇಲ್ಲ.”

“ಹಾಗಾದ್ರೆ ಇರಬಹುದು, ಹೋಗಿರಲೂಬಹುದು. ತೆರೆಯದೆ ಹೇಳ್ಲಿಕ್ಕೆ ಆಗುವುದಿಲ್ಲ.” ಆಮೇಲೆ, “ಗ್ರೈಂಡರಾ? ನಿಜವಾಗಿಯೂ ಗ್ರೈಂಡರಾ ಮಾರಾಯ್ತಿ?” ಎಂದಳು. ದೊಡ್ಡಮ್ಮನನ್ನು ಮಾರಾಯ್ತಿ ಎಂದದ್ದನ್ನು ಆ ದಿನದ ಮಟ್ಟಿಗೆ ಮನ್ನಿಸಿದೆ.

ಮಧ್ಯಾಹ್ನ ಪೂಜೆಗೆ ಪಕ್ಕದ ಮನೆಯ ಅಮೆರಿಕನ್ ದಂಪತಿಯೂ ಬಂದಿದ್ದರು. ಆಕೆ ಒಬ್ಬಟ್ಟಿನ ಒಂದು ತುಂಡು ಬಾಯಿಗಿಟ್ಟು, “ಇಂಟರೆಸ್ಟಿಂಗ್,” ಎಂದು ನಕ್ಕು, ಉಳಿದದ್ದನ್ನು ಕಾಗದದ ಕರವಸ್ತ್ರದಲ್ಲಿ ಮಡಿಸಿ ಕೈಚೀಲಕ್ಕೆ ಸೇರಿಸಿದರು. ಈ ದೇಶದಲ್ಲಿ ಆ ಮಾತು ಯಾವಾಗ ಬರುತ್ತದೆಂದು ಅಂದೇ ಕಲಿತೆ. ವಡೆ ಮಾತ್ರ, ಒಪ್ಪಿಕೊಳ್ಳಬೇಕು, ಚೆನ್ನಾಗಿ ಬಂದಿತ್ತು.

ಹೆದ್ದಾರಿ

ಪ್ರಸಾದ, ವೀಣಾ ವಾರಾಂತ್ಯಕ್ಕೆ ನನ್ನನ್ನು ಆಸ್ಟಿನ್ ಮಾರ್ಗವಾಗಿ ಹ್ಯೂಸ್ಟನ್ನಿಗೆ ಬಿಡುವುದೆಂದು ಮೊದಲೇ ನಿಶ್ಚಯವಾಗಿತ್ತು. ಶನಿವಾರ ಬೆಳಿಗ್ಗೆ ಏಳಕ್ಕೆ ಹೊರಡುವುದೆಂದರು. ನಾನು ಏಳಕ್ಕೆ ಬೂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಒಂಬತ್ತೂವರೆಗೆ ಕಾರು ಹೊರಟಿತು. ಬಾಟಲಿಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಡಬ್ಬಿಯನ್ನು ನನ್ನ ಕಾಲ ಹತ್ತಿರವೇ ಇಟ್ಟುಕೊಂಡೆ. ಡಿಕ್ಕಿಯಲ್ಲಿಡಿ ಎಂದ ಪ್ರಸಾದನಿಗೆ, “ನಿನ್ನ ಸುಪರ್ದಿಗೆ ಇನ್ನು ಏನನ್ನೂ ಕೊಡುವುದಿಲ್ಲ,” ಎಂದೆ.

“ಮೇಜರ್ ಆಂಟಿ ಕೋರ್ಟ್ ಮಾರ್ಷಲ್ ಮಾಡ್ತಾರೆ ಕಣೇ,” ಎಂದ ವೀಣಾಳಿಗೆ.

“ಮಾಡ್ಲಿ, ಪುಣ್ಯ ಬರುತ್ತೆ.”

ಮಂಜುಗಡ್ಡೆಯ ವಿಷಯದಲ್ಲಿ ಈ ಜನರ ಔದಾರ್ಯಕ್ಕೆ ಮಿತಿಯಿಲ್ಲ. ಹೋಟೆಲಿನಲ್ಲಿ ನೀರು ಕೇಳಿದರೆ ಮಂಜುಗಡ್ಡೆಯ ಲೋಟಕ್ಕೆ ಸ್ವಲ್ಪ ನೀರು ಹಾಕಿ ಕೊಡುತ್ತಾರೆ. ಬಿಸಿನೀರು ಕೇಳಿದರೆ ಹುಷಾರಿಲ್ಲವೇ ಎಂದು ವಿಚಾರಿಸುತ್ತಾರೆ. ಹೊರಗೆ ಸುಡುವ ಬಿಸಿಲು, ಒಳಗೆ ಸ್ವೆಟರ್ ಬೇಕು. ಒಂದೇ ಒಂದು ಕಡೆ ನಾನು ಪೂರ್ಣ ಅಂಕ ಕೊಟ್ಟೆ. ದಾರಿಯಲ್ಲಿ ಮೈದಾನದಷ್ಟು ದೊಡ್ಡ ಪೆಟ್ರೋಲ್ ಬಂಕ್ ಒಂದರ ಶೌಚಾಲಯ. ನಲ್ಲಿಯ ಹಿಂಭಾಗಕ್ಕೂ ಬೆರಳಾಡಿಸಿ ನೋಡಿದೆ, ಧೂಳಿಲ್ಲ. ಹಾಗೆಂದು ಅಲ್ಲಿ ನೆಲ ಒರೆಸುತ್ತಿದ್ದಾಕೆಗೆ ಹೇಳಿದೆ. ಆಕೆ ನನ್ನನ್ನು ಅಪ್ಪಿಕೊಂಡಳು. ಇಲ್ಲಿ ಹೊಗಳಿದರೆ ಅದೊಂದು ಅಪಾಯ.

ಆಸ್ಟಿನ್, ಶನಿವಾರ

ಆಸ್ಟಿನ್ನಿನಲ್ಲಿ ನಾವು ಇಳಿದದ್ದು ಪ್ರಸಾದನ ಗೆಳೆಯ ಗುರುರಾಜರ ಮನೆಯಲ್ಲಿ. ಹುಬ್ಬಳ್ಳಿಯವರು. ಧಾರಾಳ ಮನುಷ್ಯ, ದೊಡ್ಡ ಗಂಟಲು. ವೈನಿನ ವಿಷಯದಲ್ಲಿ ಸ್ನೇಹಿತರಿಗೆಲ್ಲ ಗುರು ಅವರೇ ಎಂದು ಪ್ರಸಾದ ದಾರಿಯಲ್ಲೇ ಹೇಳಿದ್ದ. ನನಗೆ ಆಗಲೇ ಸಂಶಯ ಬಂದಿತ್ತು.

“ಬರ್ರಿ ಮೇಡಂ, ಕುಂದರ್ರಿ. ಬಿಸಿ ಬಿಸಿ ಮಿರ್ಚಿ ಮಾಡ್ಸೀನಿ. ಏನ್ರೀ ಅದು ಡಬ್ಬಿ, ಮಗು ಹಿಡಕೊಂಡಂಗ ಹಿಡಕೊಂಡೀರಿ?”

ಪ್ರಸಾದ ಕತೆಯನ್ನೆಲ್ಲ ಹೇಳಿದ, ಗ್ರೈಂಡರಿನ ಪಾಲನ್ನು ಸ್ವಲ್ಪ ಕಡಿಮೆ ಮಾಡಿ. ಗುರುರಾಜ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

“ಎರಡೂ ಒಂದ ಫ್ರಿಜ್‌ನ್ಯಾಗ ಇದ್ದವಲ್ರೀ? ಮತ್ತ ಒಂದು ತೆಗದು ನೋಡಿದ್ರ ಇನ್ನೊಂದರ ಹಣೇಬರಹಾನೂ ಗೊತ್ತಾಕ್ಕೈತಿ. ಟೆಸ್ಟ್ ಮಾಡೇಬಿಡೂಣು.”

ವಾದ ಸರಿಯಾಗಿತ್ತು. ಅದೇ ನನ್ನ ತೊಂದರೆ. ಸರಿಯಾದ ವಾದಕ್ಕೆ ನಾನು ಇಲ್ಲವೆನ್ನಲಾರೆ. ಶ್ರಾವ್ಯಳನ್ನು ಕೇಳಿದೆ. ಅವಳೂ ತೆರೆಯಿರಿ ಎಂದಳು. ಒಂದೇ ಬಾಟಲಿಯಲ್ಲಿ ಸುಧಾರಿಸಬಹುದು, ಕೆಟ್ಟದ್ದನ್ನು ಡೆನೀಸ್ ಮುಂದೆ ಸುರಿಯಲಾಗದು.

ಗುರುರಾಜ ಕಾರ್ಕ್ ಎಳೆದರು, ಮೂಸಿದರು, ಕಣ್ಣು ಮುಚ್ಚಿದರು. “ಮಳಿ ಬಿದ್ದ ಕಲ್ಲಿನ ವಾಸನಿ,” ಎಂದರು. ಆಮೇಲೆ ಲೋಟಗಳಿಗೆ ಮಂಜುಗಡ್ಡೆ ಹಾಕಿದರು! ನನ್ನದರಲ್ಲಿ ಹಾಕದಂತೆ ಕೈ ಅಡ್ಡ ಹಿಡಿದು ಒಂದು ಟೀ ಚಮಚ ತರಿಸಿಕೊಂಡೆ. ಔಷಧಿಯನ್ನು ಚಮಚದಲ್ಲಲ್ಲದೆ ಬೇರೆ ಹೇಗೂ ತೆಗೆದುಕೊಂಡವಳಲ್ಲ.

ಅಷ್ಟರಲ್ಲಿ ಮಿರ್ಚಿ ಬಂತು. ಬೆರಳುದ್ದದ ಹಸಿಮೆಣಸಿನಕಾಯಿ, ಮೇಲೆ ಕಡಲೆಹಿಟ್ಟು. ಎಲ್ಲರೂ ಅದನ್ನು ಕಚ್ಚಿ, ಹಾ ಹೂ ಎಂದು, ಆ ಉರಿಯ ಮೇಲೆ ವೈನ್ ಕುಡಿದರು. ನಾನೂ ಒಂದು ತುದಿ ಕಚ್ಚಿ ಒಂದು ಚಮಚ ಕುಡಿದೆ. ಹುಳಿ, ಕಹಿ, ನೀರು. ನಾಲಿಗೆಗೆ ಸ್ಪಿರಿಟ್ ಸವರಿದ ಹಾಗಿತ್ತು.

“ಖಲಾಸ್,” ಎಂದರು ಗುರುರಾಜ. “ವಿನೇಗರ್ ಆಗೇತ್ರೀ. ಚಟ್ನಿಗೆ ಹಾಕಾಕ ಬರ್ತೈತಿ.”

ಪ್ರಸಾದ ತಲೆ ತಗ್ಗಿಸಿದ. ವೀಣಾ ಅವನನ್ನು ನೋಡಿದ ನೋಟವನ್ನು ಬರೆಯುವುದು ಬೇಡ.

ರೋಗಿಗೆ ಜ್ವರ ಬಂದರೆ ಎರಡು ಔಷಧಿ ಒಟ್ಟಿಗೆ ಬದಲಿಸಬಾರದು. ಬದಲಿಸಿದರೆ ಯಾವುದು ಏನು ಮಾಡಿತೆಂದು ತಿಳಿಯುವುದಿಲ್ಲ. ಇದು ನನಗೆ ಮೊದಲ ವರ್ಷ ಕಲಿಸಿದ ಪಾಠ. ಇಲ್ಲಿ ಬಾಯಿಗೆ ಹೋದದ್ದು ಎರಡು, ತಪ್ಪಿತಸ್ಥ ಮಾತ್ರ ಒಬ್ಬನೇ ಎಂದು ತೀರ್ಪಾಗಿತ್ತು. ನಾನು ಬಾಯಿ ಮುಕ್ಕಳಿಸಿದೆ. ಅಡುಗೆಮನೆಗೆ ಹೋಗಿ ಗುರುರಾಜರ ಹೆಂಡತಿಯಿಂದ ಒಂದು ತುತ್ತು ಬರಿ ಅನ್ನ ಕೇಳಿ ತಿಂದೆ. ಉರಿ ಪೂರ್ತಿ ಇಳಿಯುವವರೆಗೆ ಕುಳಿತೆ. ಆಮೇಲೆ ಉಪ್ಪು ಹಚ್ಚಿದ ಸೌತೆಕಾಯಿಯ ಒಂದು ಹೋಳು ತಿಂದು ಇನ್ನೊಂದು ಚಮಚ ಕುಡಿದೆ.

ಬೇರೆಯೇ ವಸ್ತು. ತಣ್ಣಗೆ, ಚುರುಕಾಗಿ, ನಿಂಬೆಯ ಸಿಪ್ಪೆಯ ಹಾಗೆ. ಕೊನೆಯಲ್ಲಿ ಸ್ವಲ್ಪ ಉಪ್ಪುಗಾಳಿ. ಮುಲ್ಕಿಯಲ್ಲಿ ಅಳಿವೆಯ ಬದಿಗೆ ನಿಂತಾಗ ತುಟಿಗೆ ಹತ್ತುತ್ತದಲ್ಲ, ಅದು.

“ವೈನ್ ಕೆಟ್ಟಿಲ್ಲ,” ಎಂದೆ ಹೊರಗೆ ಬಂದು. “ನಿಮ್ಮ ಮಿರ್ಚಿ ಅದನ್ನು ಕೊಂದದ್ದು.”

“ಏ ಇಲ್ರೀ ಮೇಡಂ, ಮಿರ್ಚಿ ಮ್ಯಾಲ ಆರೋಪ ಬ್ಯಾಡ. ಹುಬ್ಬಳ್ಳಿ ಮಿರ್ಚಿ ಯಾರನ್ನೂ ಕೊಂದಿಲ್ಲ.”

“ಬಾಯಿ ತೊಳೆದು ಸೌತೆಕಾಯಿ ಜೊತೆ ಕುಡಿದು ನೋಡಿ.”

“ಸೌತಿಕಾಯಿ ಜೋಡಿ ವೈನಾ? ನಾ ಏನ್ ಜ್ವರ ಬಂದಾಂವೇನ್ರೀ?”

ಯಾರೂ ಕುಡಿದು ನೋಡಲಿಲ್ಲ. ಪ್ರಸಾದನೂ ನಾನು ಅವನಿಗೆ ಸಮಾಧಾನ ಹೇಳುತ್ತಿದ್ದೇನೆಂದುಕೊಂಡ. ತೆರೆದ ಬಾಟಲಿ ಕಾರಿನ ಒಳಗಿದ್ದರೆ ಪೊಲೀಸರು ಹಿಡಿಯುತ್ತಾರಂತೆ, ಅದನ್ನು ಅಲ್ಲಿಯೇ ಬಿಟ್ಟೆವು. ಗುರುರಾಜ ಅದನ್ನು ಚಟ್ನಿಗೆ ಹಾಕಿದರೋ ಏನೋ. ಆದರೆ ನನ್ನನ್ನು ಆ ಸಂಜೆಯೆಲ್ಲ ಕಾಡಿದ್ದು ಅದಲ್ಲ. ಶ್ರಾವ್ಯ ಭಾನುವಾರಕ್ಕೆ ಯೋಚಿಸಿದ್ದ ಅಡುಗೆ ನನಗೆ ಗೊತ್ತಿತ್ತು. ಪುಳಿಮುಂಚಿ. ನಮ್ಮ ಕಡೆಯ ಮೀನಿನ ಕೆಂಪು ಸಾರು. ಹೆಸರಿನಲ್ಲೇ ಹುಳಿಯೂ ಇದೆ, ಮೆಣಸೂ ಇದೆ.

ಹ್ಯೂಸ್ಟನ್, ಭಾನುವಾರ

ಹ್ಯೂಸ್ಟನ್ನಿನ ಸೆಕೆ ಮಾತ್ರ ನನಗೆ ಪರಿಚಿತ. ಕಾರಿನಿಂದ ಇಳಿದ ಕೂಡಲೆ ಕನ್ನಡಕ ಮಬ್ಬಾಯಿತು, ಸೀರೆ ಬೆನ್ನಿಗಂಟಿತು. ಮೇ ತಿಂಗಳ ಕರಾವಳಿ. ಹ್ಯೂಸ್ಟನ್ನಿನ ಅಂಚಿನ ಮಿಸೌರಿ ಸಿಟಿ ಎಂಬ ಊರಿನ ತನ್ನ ಬಾಡಿಗೆ ಮನೆಯಲ್ಲಿ ಶ್ರಾವ್ಯ ನನ್ನನ್ನು ಅಪ್ಪಿಕೊಳ್ಳುವ ಮೊದಲೇ ಬಾಟಲಿಯನ್ನು ತೆಗೆದುಕೊಂಡಳು. ಪ್ರಸಾದ ದಂಪತಿ ಕಾಫಿ ಕುಡಿದು, ಮೂರು ಸಲ ಸಾರಿ ಹೇಳಿ ಹೊರಟರು.

“ವೈನ್ ಸರಿ ಇದೆ,” ಎಂದೆ. “ನಿನ್ನ ಅಡುಗೆ ಸರಿ ಇಲ್ಲ.”

“ದೊಡ್ಡಮ್ಮ, ಬಂದು ಹತ್ತು ನಿಮಿಷ ಆಗ್ಲಿಲ್ಲ.”

“ಪುಳಿಮುಂಚಿಗೆ ಎಷ್ಟು ಮೆಣಸು?”

“ಅಮ್ಮ ಹಾಕುವಷ್ಟೇ.”

“ಹಾಗಾದರೆ ಆ ವೈನ್ ಸಾಯುತ್ತದೆ. ನಾನು ನೋಡಿ ಬಂದಿದ್ದೇನೆ. ಇಲ್ಲ ಬೇರೆ ವೈನ್ ತಾ, ಸ್ವಲ್ಪ ಸಿಹಿ ಇರುವುದು.”

“ಇವತ್ತು ಭಾನುವಾರ. ದೊಡ್ಡ ವೈನ್ ಅಂಗಡಿಗಳೆಲ್ಲ ಬಂದ್, ಇಲ್ಲಿಯ ಕಾನೂನು. ಮತ್ತೆ ಮಸ್ಕಡೆ ಅಂತ ಡೆನೀಸ್‌ಗೆ ಹೇಳಿಯೂ ಆಗಿದೆ.”

“ಹಾಗಾದರೆ ಮರುವಾಯಿಗೆ ಒಳ್ಳೆಮೆಣಸು ಹಾಕಿ ಮಾಡು. ಬಾಣಂತಿಗೆ ಮಾಡುವ ಹಾಗೆ. ಅರಸಿನ, ತೆಂಗಿನಹಾಲು, ಬೇರೇನೂ ಬೇಡ.”

ಮರುವಾಯಿ ಎಂದರೆ ನಮ್ಮ ಹೊಳೆಯ ಕಪ್ಪೆಚಿಪ್ಪು. ಒಳ್ಳೆಮೆಣಸು ಎಂದರೆ ಕರಿಮೆಣಸು. ಹೆರಿಗೆಯಾದವಳಿಗೆ, ಜ್ವರ ಬಿಟ್ಟವರಿಗೆ ನಮ್ಮ ಕಡೆ ಕೆಂಪು ಮೆಣಸು, ಹುಣಸೆಹುಳಿ ಮುಟ್ಟಿಸುವುದಿಲ್ಲ. ಮೀನಾದರೂ ಚಿಪ್ಪಾದರೂ ಒಳ್ಳೆಮೆಣಸಿನಲ್ಲೇ ಬೇಯಬೇಕು.

ಶ್ರಾವ್ಯ ಸೌಟು ಕೆಳಗಿಟ್ಟಳು. “ಇದು ಆಸ್ಪತ್ರೆ ಅಲ್ಲ ದೊಡ್ಡಮ್ಮ. ಖಾರ ತೆಗೆದ್ರೆ ಇವರು ಏನು ಹೇಳ್ತಾರೆ ಗೊತ್ತುಂಟಾ? ನೋಡಿ, ನಮಗೋಸ್ಕರ ಸಪ್ಪೆ ಮಾಡಿದ್ದಾಳೆ ಪಾಪ ಅಂತ. ಐದು ವರ್ಷ ನಾನು ಇವರ ಸಪ್ಪೆ ಬೇಯಿಸಿದ್ದು ಸಾಕು. ನನ್ನ ಊಟ ನನ್ನ ಊಟದ ಹಾಗೇ ಇರಬೇಕು.”

ಅವಳ ಮಾತೂ ಸರಿಯಾಗಿತ್ತು. ಒಂದೇ ವಾರದಲ್ಲಿ ಎರಡು ಸರಿಯಾದ ವಾದಗಳು. ಇಂಥ ಪ್ರವಾಸ ಯಾರಿಗೂ ಬೇಡ.

ಸಂಜೆ ರೆಸ್ಟೋರೆಂಟಿನ ಅಡುಗೆಮನೆಗೆ ಹೋದೆವು. ಡೆನೀಸ್ ಐದೂವರೆಗೆ ಬರಬೇಕಿತ್ತು. ಆರಾದರೂ ಬರಲಿಲ್ಲ. ಆರೂವರೆಗೆ ನನ್ನ ರಾತ್ರಿಯೂಟ. ಇದು ಯುದ್ಧಕಾಲದಲ್ಲೂ ಬದಲಾಗಿರಲಿಲ್ಲ, ಬೇರೆಯವರ ಪರೀಕ್ಷೆಗೆಂದು ಬದಲಾಗಬೇಕಾದ ಕಾರಣವಿಲ್ಲ. ಟೆಕ್ಸಾಸಿನ ಊಟದಿಂದ ಹೊಟ್ಟೆಯೂ ಮುನಿದಿತ್ತು. ಶ್ರಾವ್ಯ ತಂದಿದ್ದ ಕುಚ್ಚಲಕ್ಕಿಯಲ್ಲಿ ಗಂಜಿಗೆ ಮೊದಲೇ ಇಟ್ಟಿದ್ದೆ. ರೆಸ್ಟೋರೆಂಟಿನ ಮರುದಿನದ ಅಡುಗೆಗೆಂದು ಅವಳು ತೊಳೆದಿಟ್ಟಿದ್ದ ಮರುವಾಯಿಯಲ್ಲಿ ಒಂದಿಷ್ಟನ್ನು ಅರಸಿನ, ಜಜ್ಜಿದ ಒಳ್ಳೆಮೆಣಸು, ತೆಂಗಿನಹಾಲಿನಲ್ಲಿ ಬೇಯಿಸಿಕೊಂಡೆ.

“ಪಾತ್ರೆ ಎಂತ ಅಷ್ಟು ದೊಡ್ಡದು?” ಎಂದು ಶ್ರಾವ್ಯ ಕೇಳಿದಳು.

“ಒಬ್ಬಳಿಗೆ ಗಂಜಿ ಮಾಡಿ ಗೊತ್ತಿಲ್ಲ. ವಾರ್ಡಿಗೆ ಮಾಡಿ ಅಭ್ಯಾಸ.”

ಡೆನೀಸ್ ಬಂದದ್ದು ಆರು ಕಾಲಿಗೆ. ಪಕ್ಕದ ಲೂಯಿಸಿಯಾನಾದವರು, ಅಗಲ ಭುಜದ ಹೆಂಗಸು. ಎಲ್ಲರನ್ನೂ ಇಂಗ್ಲಿಷಿನ ಹನಿ, ಅಂದರೆ ಜೇನೇ, ಎನ್ನುತ್ತಾರೆ. ನನ್ನನ್ನು ಮಾತ್ರ ನೋಡಿದ ಕೂಡಲೆ ಮ್ಯಾಮ್ ಎಂದರು. ತಡವಾದದ್ದನ್ನು ಅರ್ಧ ಮನ್ನಿಸಿದೆ.

ಶ್ರಾವ್ಯ ನೀರ್‌ದೋಸೆಯ ಜೊತೆ ಪುಳಿಮುಂಚಿ ಬಡಿಸಿದಳು. ಮಸ್ಕಡೆ ತೆರೆದು ಎರಡು ಲೋಟಕ್ಕೆ ಬಗ್ಗಿಸಿದಳು. ಡೆನೀಸ್ ಮೊದಲು ಬರಿ ವೈನ್ ಕುಡಿದು ತಲೆಯಾಡಿಸಿದರು. ಮೀನು ತಿಂದರು, ಕಣ್ಣರಳಿತು. ಮತ್ತೆ ವೈನ್ ಕುಡಿದರು.

“ಇಂಟರೆಸ್ಟಿಂಗ್,” ಎಂದರು.

ಕೈಚೀಲ ಸೇರಿದ ಒಬ್ಬಟ್ಟು ನನಗೆ ನೆನಪಾಯಿತು.

“ಮೀನು ಅದ್ಭುತವಾಗಿದೆ ಹನಿ. ಆದರೆ ನನ್ನ ವೈನ್ ಎಲ್ಲಿ ಹೋಯಿತು? ಈಗಷ್ಟೇ ಇಲ್ಲಿತ್ತು.”

ಗೋಡೆಯ ಗಡಿಯಾರ ಆರೂವರೆ ತೋರಿಸಿತು. ನಾನು ಮೂಲೆಯ ಸ್ಟೂಲಿನ ಮೇಲೆ ಕುಳಿತು, ಬಟ್ಟಲಿಗೆ ಗಂಜಿ ಹಾಕಿಕೊಂಡು, ಮೇಲೆ ಮರುವಾಯಿ ಬಡಿಸಿಕೊಂಡು ಉಣ್ಣತೊಡಗಿದೆ.

“ಮ್ಯಾಮ್ ಏನು ತಿನ್ನುತ್ತಿದ್ದಾರೆ?” ಎಂದರು ಡೆನೀಸ್.

“ಅದು... ಹುಷಾರಿಲ್ಲದವರ ಊಟ,” ಎಂದಳು ಶ್ರಾವ್ಯ ಇಂಗ್ಲಿಷಿನಲ್ಲಿ. “ಅದು ಮೆನುವಿನಲ್ಲಿ ಇಲ್ಲ.”

ಡೆನೀಸ್ ಆಗಲೇ ಎದ್ದು ಬಂದಿದ್ದರು. ಒಂದು ಲೋಟ ನೀರು ಕುಡಿಸಿ, ಒಂದು ಚಮಚ ಬರಿ ಗಂಜಿ ತಿನ್ನಿಸಿ, ಸ್ವಲ್ಪ ಕಾಯಲು ಹೇಳಿದೆ. ಅವರು ಒಳ್ಳೆಯ ರೋಗಿಯ ಹಾಗೆ ಕಾದರು. ಆಮೇಲೆ ಬಟ್ಟಲು ಕೊಟ್ಟೆ. ಒಂದು ಚಿಪ್ಪು ಹೀರಿದರು, ಗಂಜಿ ಕುಡಿದರು, ವೈನ್ ಕುಡಿದರು. ಮತ್ತೊಂದು ಚಿಪ್ಪು, ಮತ್ತೆ ವೈನ್. ಬಟ್ಟಲು ಮುಗಿಯಿತು. ನನ್ನ ಮುಂದೆ ಚಾಚಿದರು. ಇನ್ನೊಂದು ಸೌಟು ಹಾಕಿದೆ.

“ನನ್ನ ಅಜ್ಜಿ ಜ್ವರಕ್ಕೆ ಇಂಥದ್ದೇ ಮಾಡುತ್ತಿದ್ದಳು, ಅಕ್ಕಿ ಮತ್ತು ಸಿಂಪಿ,” ಎಂದರು. “ಹನಿ, ಇದನ್ನು ನನ್ನಿಂದ ಏಕೆ ಬಚ್ಚಿಟ್ಟೆ?”

“ಇದು ಖಾರ ಇಲ್ಲದ್ದು...”

“ಖಾರವನ್ನು ಯಾರು ತೆಗೆಯಲು ಹೇಳಿದರು? ಆ ಕೆಂಪು ಮೀನು ಎರಡನೆಯದು, ಅದಕ್ಕೆ ತಣ್ಣನೆಯ ಬಿಯರ್. ಒಂದು ಕಣವೂ ಖಾರ ಕಡಿಮೆ ಮಾಡಬೇಡ. ಆದರೆ ಮೊದಲು ಈ ಬಟ್ಟಲು, ಈ ವೈನು. ಮುಂದಿನ ವಾರವಲ್ಲ, ಅದರ ಮುಂದಿನ ಸೋಮವಾರದಿಂದ. ಡಲ್ಲಾಸಿನವರಿಗೆ ಇನ್ನಷ್ಟು ತರಿಸಲು ನಾನೇ ಹೇಳುತ್ತೇನೆ.”

ಡೆನೀಸ್ ಹೋದ ಮೇಲೆ ಶ್ರಾವ್ಯ ಬಾಗಿಲಿಗೆ ಚಿಲಕ ಹಾಕಿ ಬಂದಳು. ಆಮೇಲೆ ನೆಲದ ಮೇಲೆ ಕುಳಿತು ನಗತೊಡಗಿದಳು, ಅಳುತ್ತಲೂ ಇದ್ದಳು.

“ಗಂಜಿ! ಅಡುಗೆ ಕಲಿಯಲಿಕ್ಕೆ ಸಮುದ್ರ ದಾಟಿ ಬಂದು ಕೊನೆಗೆ ಗಂಜಿ ಬಡಿಸಬೇಕು. ಅಮ್ಮನಿಗೆ ಎಂತ ಹೇಳ್ಲಿ?”

“ಸೋಮವಾರ ಸಿಕ್ಕಿತು ಅಂತ ಹೇಳು.”

“ನೀವು ಬೇಕೂಂತಲೇ ಮಾಡಿದ್ದಲ್ವಾ ದೊಡ್ಡಮ್ಮ? ನಿಜ ಹೇಳಿ.”

“ಆರೂವರೆಗೆ ನನ್ನ ಊಟ. ನಿನಗೆ ಗೊತ್ತಿರುವುದೇ.”

ಅವಳು ನಂಬಲಿಲ್ಲ. ಬಾಟಲಿಯಲ್ಲಿ ಎರಡು ಬೆರಳಷ್ಟು ಮಸ್ಕಡೆ ಉಳಿದಿತ್ತು. ಅವಳು ಲೋಟಕ್ಕೆ ಹಾಕಿಕೊಂಡಳು, ನನಗೆ ಚಮಚ ತಂದುಕೊಟ್ಟಳು. ತಳದ ಗಂಜಿಯ ಜೊತೆ ಅದನ್ನು ಮುಗಿಸಿದೆವು. ಪುಳಿಮುಂಚಿಯನ್ನು ಅವಳು ನೀರ್‌ದೋಸೆಗೆ ಹಚ್ಚಿ ಬೆರಳು ಚೀಪುತ್ತ ತಿಂದಳು, ವೈನ್ ಮುಗಿದ ಮೇಲೆ.

ಅವಳು ಪಾತ್ರೆ ತೊಳೆದಳು, ನಾನು ಒರೆಸಿದೆ. ಖಾಲಿ ಬಾಟಲಿಯನ್ನು ತೊಳೆದು ಗಾಜಿನ ಬುಟ್ಟಿಗೆ ಹಾಕಿದೆ. ಗ್ಯಾಸ್ ನೋಡಿದೆ. ಮರುದಿನಕ್ಕೆಂದು ಉಳಿದಿದ್ದ ಚಿಪ್ಪುಗಳನ್ನು ಫ್ರಿಜ್ಜಿನಲ್ಲಿಟ್ಟು ಬಾಗಿಲು ಮುಚ್ಚಿದೆ. ಶ್ರಾವ್ಯ ದೀಪ ಆರಿಸಲು ಸ್ವಿಚ್ಚಿನ ಮೇಲೆ ಕೈ ಇಟ್ಟಿದ್ದಳು. ಸ್ವಲ್ಪ ನಿಲ್ಲು ಎಂದು ಹೇಳಿ, ಬಗ್ಗಿ, ಫ್ರಿಜ್ಜಿನ ಹಿಂದೆ ಕೈ ಹಾಕಿ ನೋಡಿದೆ.

ಪ್ಲಗ್ ಗೋಡೆಯಲ್ಲೇ ಇತ್ತು.